ಸಹಾಯಕ ತರಬೇತುದಾರನ ಕಾರ್ಯ ಮತ್ತು ಇತಿಹಾಸದ ಆಧಾರಗಳು: ವೆಂಕಟೇಶ ಪ್ರಸಾದರ ವೃತ್ತಿಜೀವನವನ್ನು ಕುರಿತ ಒಂದು ವಿವೇಚನೆ

ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದವನು ಹೊಯ್ಸಳ ವಿಷ್ಣುವರ್ಧನನೆಂಬುದು ಶಾಲೆಯ ಬಾಲಕರಿಗೂ ತಿಳಿದ ಸಂಗತಿ. ಅದೇ ದೇವಾಲಯದ ಮದನಿಕೆಯರನ್ನು ಕಡೆದವರು ಯಾರೆಂಬುದು ನಮಗೆ ತಿಳಿದುಬಂದಿರುವುದು ಮತ್ತೊಂದು ಕಾರಣದಿಂದ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನು ಕೊರೆದಿಟ್ಟರು. ಹಾಗೆ ಕೊರೆಯದೆ ಹೋಗಿದ್ದರೆ ವಿಗ್ರಹಗಳ ಚೆಲುವು ಹೀಗೆಯೇ ಉಳಿಯುತ್ತಿತ್ತು. ಮಾಡಿದವರ ಹೆಸರು ಮಾತ್ರ ಅಳಿದುಹೋಗುತ್ತಿತ್ತು. ಕೆಲಸವೊಂದು ನಡೆದಿರುವುದು ಬೇರೆ, ಆ ಕೆಲಸಕ್ಕೆ ಆಧಾರ ಉಳಿದಿರುವುದು ಬೇರೆ ಎಂಬ ಮಾತನ್ನು ಇತಿಹಾಸದ ವಿದ್ಯಾರ್ಥಿಗಳು ಮೊದಲ ಪಾಠವಾಗಿ ಕಲಿಯತಕ್ಕದ್ದು.

ನಮ್ಮ ಕಾಲದ ಆಟಗಳ ಇತಿಹಾಸದಲ್ಲಿ ಈ ಪಾಠ ವಿಶೇಷವಾಗಿ ಅನ್ವಯಿಸುತ್ತದೆ. ಕ್ರಿಕೆಟ್ಟಿನ ಸ್ಕೋರು ಪಟ್ಟಿಯಷ್ಟು ವಿವರವಾದ ದಾಖಲೆ ಬೇರೆ ಆಟಗಳಲ್ಲಿ ವಿರಳ. ಪ್ರತಿಯೊಂದು ಎಸೆತ, ಪ್ರತಿಯೊಂದು ರನ್ನು, ಹಿಡಿದ ಕ್ಯಾಚು, ಅಂಪೈರುಗಳ ಹೆಸರು ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ಆದರೆ ಆ ಎಸೆತವನ್ನು ಬೌಲರನಿಗೆ ಕಲಿಸಿದವನು ಯಾರು ಎಂಬುದಕ್ಕೆ ಅಲ್ಲಿ ಅಂಕಣವೇ ಇಲ್ಲ. ಮುಖ್ಯ ತರಬೇತುದಾರನ ಹೆಸರಾದರೂ ಪತ್ರಿಕೆಗಳಲ್ಲಿ ಬರುತ್ತದೆ. ಅವನ ಕೆಳಗೆ ದುಡಿಯುವ ಸಹಾಯಕನ ಹೆಸರು ನೇಮಕದ ದಿನ ಒಮ್ಮೆ, ವಜಾ ಆದ ದಿನ ಒಮ್ಮೆ ಅಚ್ಚಾಗುವುದೇ ಹೆಚ್ಚು. ಅಂಥ ಒಬ್ಬ ಸಹಾಯಕನ ಕಾರ್ಯವನ್ನು ಆಧಾರಗಳಿಂದ ಎಷ್ಟರಮಟ್ಟಿಗೆ ನಿರ್ಣಯಿಸಬಹುದು ಎಂಬುದೇ ಪ್ರಸ್ತುತ ಲೇಖನದ ವಿಷಯ. ನಿದರ್ಶನವಾಗಿ ನಾವು ಆರಿಸಿಕೊಂಡಿರುವುದು ಬೆಂಗಳೂರಿನವರಾದ ಶ್ರೀ ವೆಂಕಟೇಶ ಪ್ರಸಾದರ ವೃತ್ತಿಜೀವನವನ್ನು. ಆಟಗಾರರಾಗಿ ಅವರು ನಾಡಿಗೆಲ್ಲ ಪರಿಚಿತರು. 2007ರಿಂದ 2009ರವರೆಗೆ ಭಾರತ ತಂಡದ ಬೌಲಿಂಗ್ ತರಬೇತುದಾರರಾಗಿ ಅವರು ಮಾಡಿದ ಕೆಲಸ ಅಷ್ಟು ಪರಿಚಿತವಲ್ಲ.

ಮೊದಲು ಈ ಪದವಿಯ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಸಹಾಯಕ ತರಬೇತುದಾರನೆಂಬ ಸ್ಥಾನವು ಪೂರ್ಣವಾಗಿ ಬೆಳೆದಿರುವುದು ಅಮೆರಿಕದ ಫುಟ್‌ಬಾಲಿನಲ್ಲಿ. ಕಾಲಿಗಿಂತ ಕೈಯ ಬಳಕೆಯೇ ಹೆಚ್ಚಾಗಿರುವ ಆ ಆಟದಲ್ಲಿ ಮೈದಾನಕ್ಕೆ ಇಳಿಯುವವರು ಹನ್ನೊಂದೇ ಮಂದಿಯಾದರೂ, ಮುನ್ನುಗ್ಗುವ ಪಡೆ ಬೇರೆ, ತಡೆಯುವ ಪಡೆ ಬೇರೆ. ಆದಕಾರಣ ಮುಖ್ಯ ತರಬೇತುದಾರನ ಕೆಳಗೆ ಎರಡು ಪಡೆಗಳಿಗೂ ಒಬ್ಬೊಬ್ಬ ನಿಯೋಜಕ, ಅವರ ಕೆಳಗೆ ಒಂದೊಂದು ಸ್ಥಾನದ ಆಟಗಾರರಿಗೆ ಒಬ್ಬೊಬ್ಬ ಶಿಕ್ಷಕ ಎಂಬ ಏರ್ಪಾಡು ಅಲ್ಲಿ ನೆಲೆಗೊಂಡಿದೆ. ಡಿಕ್ ಲೆಬೋ ಎಂಬುವರು 1959ರಿಂದ 1972ರವರೆಗೆ ಡೆಟ್ರಾಯಿಟ್ ಲಯನ್ಸ್ ತಂಡದಲ್ಲಿ ಆಡಿ, ಎದುರಾಳಿಗಳು ಎಸೆದ ಚೆಂಡನ್ನು 62 ಬಾರಿ ನಡುವೆಯೇ ಕಸಿದುಕೊಂಡು ಹೆಸರಾದರು. 1973ರಲ್ಲಿ ಸಹಾಯಕ ಶಿಕ್ಷಕರಾಗಿ ಸೇರಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ವೃತ್ತಿಯಲ್ಲಿದ್ದರು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವು 2006 ಮತ್ತು 2009ರಲ್ಲಿ ಸೂಪರ್ ಬೌಲ್ ಗೆದ್ದಾಗ ಅದರ ರಕ್ಷಣಾ ಪಡೆಯ ನಿಯೋಜಕರು ಅವರೇ. ಅದೇ ಲೆಬೋ ಸಿನ್ಸಿನಾಟಿಯಲ್ಲಿ ಮುಖ್ಯ ತರಬೇತುದಾರರಾಗಿದ್ದಾಗ ಗೆದ್ದ ಪಂದ್ಯಗಳು 12, ಸೋತವು 33. ಸಹಾಯಕನ ಕೆಲಸವು ಮುಖ್ಯಸ್ಥನ ಪದವಿಗೆ ಏರುವ ಬರಿಯ ಮೆಟ್ಟಿಲಲ್ಲ, ಅದು ಬೇರೆಯೇ ಒಂದು ವಿದ್ಯೆ ಎಂಬುದು ಇದರಿಂದ ತಿಳಿದುಬರುತ್ತದೆ.

ಭಾರತದ ಕ್ರಿಕೆಟ್ಟಿನಲ್ಲಿ ಈ ವಿಭಾಗಕ್ರಮವು ಬಹಳ ತಡವಾಗಿ ಬಂದಿತು. ದಶಕಗಳ ಕಾಲ ಪ್ರವಾಸಿ ತಂಡದೊಡನೆ ಒಬ್ಬ ಮ್ಯಾನೇಜರು ಹೋಗುತ್ತಿದ್ದುದೇ ವಾಡಿಕೆ. 2000ದಲ್ಲಿ ನ್ಯೂಜಿಲೆಂಡಿನ ಜಾನ್ ರೈಟ್ ಮೊದಲ ವಿದೇಶೀ ತರಬೇತುದಾರರಾಗಿ ಬಂದರು. 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಬ್ರೂಸ್ ರೀಡ್ ಬೌಲರುಗಳಿಗೆ ಸಲಹೆಗಾರರಾಗಿದ್ದರು. 2005ರಲ್ಲಿ ರೈಟರ ಸ್ಥಾನಕ್ಕೆ ಗ್ರೆಗ್ ಚಾಪೆಲ್ ಬಂದರು. ಪ್ರಸಾದರು ಬೌಲಿಂಗ್ ತರಬೇತುದಾರರಾಗಿ ಕಾಲಿಟ್ಟದ್ದು ಈ ಹಿನ್ನೆಲೆಯಲ್ಲಿ.

ಪ್ರಸಾದರು ಹುಟ್ಟಿದ್ದು 1969ರ ಆಗಸ್ಟ್ 5ರಂದು, ಬೆಂಗಳೂರಿನಲ್ಲಿ. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ಅನಿಲ್ ಕುಂಬ್ಳೆ, ರಾಹುಲ್ ದ್ರಾವಿಡ್ ಇವರೊಡನೆ ಕರ್ನಾಟಕ ತಂಡವು ಪ್ರಬಲವಾಗಿದ್ದ ಕಾಲ ಅದು. 1995-96, 1997-98, 1998-99ರಲ್ಲಿ ರಣಜಿ ಪಾರಿತೋಷಕವು ರಾಜ್ಯಕ್ಕೆ ಬಂದಿತು. 1994ರಲ್ಲಿ ಒಂದು ದಿನದ ಪಂದ್ಯಗಳಿಗೂ 1996ರ ಜೂನ್ ತಿಂಗಳಲ್ಲಿ ಟೆಸ್ಟ್ ಪಂದ್ಯಗಳಿಗೂ ಪ್ರಸಾದರ ಪ್ರವೇಶವಾಯಿತು. ಶ್ರೀನಾಥರಿಗಿದ್ದ ವೇಗ ಅವರಿಗಿರಲಿಲ್ಲ. ಆ ಕೊರತೆಯನ್ನು ಅವರು ಬುದ್ಧಿಯಿಂದ ತುಂಬಿಕೊಂಡರು. ಚೆಂಡಿನ ಹೊಲಿಗೆಯ ಮೇಲೆ ಬೆರಳನ್ನು ಕೊಯ್ದಂತೆ ಜಾರಿಸಿ, ನೆಲಕ್ಕೆ ಬಿದ್ದ ಮೇಲೆ ಚೆಂಡು ಬಲಗೈ ಬ್ಯಾಟ್ಸ್‌ಮನ್ನನಿಂದ ಆಚೆಗೆ ಸರಿಯುವಂತೆ ಮಾಡುವ ಲೆಗ್ ಕಟ್ಟರ್ ಅವರ ಮುಖ್ಯ ಆಯುಧ. ತೋಳಿನ ವೇಗವನ್ನು ತಗ್ಗಿಸದೆ ಚೆಂಡಿನ ವೇಗವನ್ನು ಮಾತ್ರ ತಗ್ಗಿಸುವ ನಿಧಾನದ ಎಸೆತ ಇನ್ನೊಂದು. ಇವೆರಡೂ ಮೈಬಲದಿಂದ ಒದಗುವುವಲ್ಲ, ಅಭ್ಯಾಸದಿಂದ ಸಾಧಿಸತಕ್ಕವು. ಹುಟ್ಟಿನಿಂದ ಬಂದ ವೇಗವನ್ನು ಮತ್ತೊಬ್ಬರಿಗೆ ಧಾರೆಯೆರೆಯಲಾಗದು. ಬೆರಳಿನ ವಿದ್ಯೆಯನ್ನು ಹೇಳಿಕೊಡಬಹುದು. ಪ್ರಸಾದರ ಆಟದಲ್ಲಿಯೇ ಅವರ ಮುಂದಿನ ಶಿಕ್ಷಕವೃತ್ತಿಯ ಬೀಜವಿದ್ದಿತೆಂದು ನಾವು ಹೇಳುವುದು ಈ ಅರ್ಥದಲ್ಲಿ.

ಜನರ ನೆನಪಿನಲ್ಲಿ ಅವರ ಹೆಸರು ಒಂದು ಎಸೆತಕ್ಕೆ ಅಂಟಿಕೊಂಡಿದೆ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ ಪಂದ್ಯ ನಡೆಯಿತು. ಭಾರತದ 287 ರನ್ನುಗಳನ್ನು ಬೆನ್ನಟ್ಟಿದ ಪಾಕಿಸ್ತಾನಕ್ಕೆ ಒಳ್ಳೆಯ ಆರಂಭ ದೊರಕಿತ್ತು. ನಾಯಕ ಆಮಿರ್ ಸೊಹೈಲ್ ಪ್ರಸಾದರ ಚೆಂಡನ್ನು ಬೌಂಡರಿಗೆ ಹೊಡೆದು, ಮುಂದಿನದನ್ನೂ ಅಲ್ಲಿಗೇ ಅಟ್ಟುವೆನೆಂಬಂತೆ ಬ್ಯಾಟಿನಿಂದ ದಿಕ್ಕು ತೋರಿಸಿದರು. ಮುಂದಿನ ಎಸೆತದಲ್ಲಿ ಅವರ ಆಫ್ ಸ್ಟಂಪು ಉರುಳಿತು. ಭಾರತವು 39 ರನ್ನುಗಳಿಂದ ಗೆದ್ದಿತು. ಕುಪಿತನಾದ ಎದುರಾಳಿಗೆ ನೇರವಾದ, ಸರಳವಾದ ಚೆಂಡನ್ನು ಹಾಕುವ ವಿವೇಕ ಆ ಎಸೆತದಲ್ಲಿದ್ದಿತು ಎಂಬುದು ಜನಪ್ರಿಯ ಕಥನದಲ್ಲಿ ಮರೆಯಾಗಿದೆ.

ಆ ಎಸೆತಕ್ಕಿಂತ ನಮ್ಮ ಪ್ರಕೃತ ವಿಷಯಕ್ಕೆ ಹತ್ತಿರವಾದವು ಅವರು ಚೆನ್ನಾಗಿ ಆಡಿಯೂ ತಂಡವು ಸೋತ ಪಂದ್ಯಗಳು. 1996ರ ಡಿಸೆಂಬರಿನಲ್ಲಿ ಡರ್ಬನ್ನಿನಲ್ಲಿ ಅವರು ಎರಡು ಇನಿಂಗ್ಸುಗಳಲ್ಲಿಯೂ ಐದೈದು ವಿಕೆಟ್ಟು ಪಡೆದರು. ಭಾರತವು 100 ಮತ್ತು 66 ರನ್ನುಗಳಿಗೆ ಕುಸಿದು 328 ರನ್ನುಗಳಿಂದ ಸೋತಿತು. 1999ರ ಜನವರಿಯಲ್ಲಿ ಚೆನ್ನೈನ ಟೆಸ್ಟಿನಲ್ಲಿ ಪಾಕಿಸ್ತಾನದ ಎರಡನೆಯ ಇನಿಂಗ್ಸಿನ ಕೊನೆಗೆ ಒಂದು ರನ್ನನ್ನೂ ಕೊಡದೆ ಹದಿನೆಂಟು ಎಸೆತಗಳಲ್ಲಿ ಐದು ವಿಕೆಟ್ಟು ಕಿತ್ತು, ಒಟ್ಟು 33 ರನ್ನಿಗೆ 6 ವಿಕೆಟ್ಟು ಗಳಿಸಿದರು. ಅದು ಅವರ ಟೆಸ್ಟ್ ಜೀವನದ ಅತ್ಯುತ್ತಮ ಸಾಧನೆ. ಆ ಪಂದ್ಯವನ್ನು ಭಾರತವು ಸೋತದ್ದು 12 ರನ್ನುಗಳಿಂದ. ತದ್ವಿರುದ್ಧವಾಗಿ 1999ರ ಜೂನ್ 8ರಂದು ಮ್ಯಾಂಚೆಸ್ಟರಿನ ವಿಶ್ವಕಪ್ ಪಂದ್ಯದಲ್ಲಿ 27 ರನ್ನಿಗೆ 5 ವಿಕೆಟ್ಟು ಪಡೆದಾಗ ಗೆಲುವೂ ಜೊತೆಗೂಡಿತು. ಒಟ್ಟು 33 ಟೆಸ್ಟುಗಳಲ್ಲಿ 96, 161 ಒಂದು ದಿನದ ಪಂದ್ಯಗಳಲ್ಲಿ 196 ವಿಕೆಟ್ಟುಗಳು ಅವರವು. ಪಂದ್ಯದ ಫಲಿತಾಂಶದಿಂದ ಒಬ್ಬನ ಕೆಲಸವನ್ನು ಅಳೆಯಲಾಗದೆಂಬುದಕ್ಕೆ ಡರ್ಬನ್, ಚೆನ್ನೈಗಳು ಸಾಕ್ಷಿ. ಆದರೆ ಅಲ್ಲಿ ಅವರು ಆಟಗಾರರು. ಸೋತರೂ ಅವರ ಕೆಲಸ ಅವರ ಹೆಸರಿನ ಮುಂದೆ ಅಂಕಿಯಾಗಿ ಉಳಿಯಿತು. ಶಿಕ್ಷಕರಾದ ಮೇಲೆ ಆ ರಕ್ಷಣೆ ತಪ್ಪಿಹೋಯಿತು.

2001ರಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಕೊನೆಯ ಬಾರಿ ಆಡಿದ ಪ್ರಸಾದರು 2005ರಲ್ಲಿ ಆಟದಿಂದ ಪೂರ್ಣವಾಗಿ ನಿವೃತ್ತರಾದರು. ಮರುವರ್ಷ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಭಾರತ ತಂಡಕ್ಕೆ ತರಬೇತುದಾರರಾಗಿದ್ದರು. ಚೇತೇಶ್ವರ ಪೂಜಾರ, ರೋಹಿತ್ ಶರ್ಮ, ರವೀಂದ್ರ ಜಡೇಜ, ಪಿಯೂಷ್ ಚಾವ್ಲಾ ಮುಂತಾದವರಿದ್ದ ಆ ತಂಡವು 2006ರ ಫೆಬ್ರವರಿಯಲ್ಲಿ ಕೊಲಂಬೊದ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು 109 ರನ್ನಿಗೆ ಕಟ್ಟಿಹಾಕಿತು. ತಾನು 71 ರನ್ನಿಗೆ ಮುಗಿಯಿತು. ಬೌಲರುಗಳು ತಮ್ಮ ಪಾಲಿನದನ್ನು ಮಾಡಿ ಮುಗಿಸಿದ ಮೇಲೂ ಸೋಲು ಬಂದ ಇನ್ನೊಂದು ಸಂದರ್ಭವಿದು.

ಈಗ 2007ಕ್ಕೆ ಬರೋಣ. ವೆಸ್ಟ್ ಇಂಡೀಸಿನಲ್ಲಿ ನಡೆದ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲಿಯೇ ಭಾರತವು ಹೊರಬಿದ್ದು, ಏಪ್ರಿಲ್ ತಿಂಗಳಲ್ಲಿ ಚಾಪೆಲ್ ನಿರ್ಗಮಿಸಿದರು. ಬಾಂಗ್ಲಾದೇಶದ ಪ್ರವಾಸಕ್ಕೆ ರವಿ ಶಾಸ್ತ್ರಿಯವರು ಮ್ಯಾನೇಜರಾಗಿ, ಪ್ರಸಾದರು ಬೌಲಿಂಗಿಗೆ, ರಾಬಿನ್ ಸಿಂಗ್ ಅವರು ಫೀಲ್ಡಿಂಗಿಗೆ ನೇಮಕಗೊಂಡರು. ಇಂಗ್ಲೆಂಡ್ ಪ್ರವಾಸಕ್ಕೆ ಮ್ಯಾನೇಜರಾದವರು ಚಂದು ಬೋರ್ಡೆಯವರು. ದಕ್ಷಿಣ ಆಫ್ರಿಕದ ಟ್ವೆಂಟಿ20 ವಿಶ್ವಕಪ್ಪಿಗೆ ಲಾಲ್‌ಚಂದ್ ರಜಪೂತರು. ಗ್ಯಾರಿ ಕರ್ಸ್ಟನ್ ಮುಖ್ಯ ತರಬೇತುದಾರರಾಗಿ ಅಧಿಕಾರ ವಹಿಸಿಕೊಂಡದ್ದು 2008ರ ಮಾರ್ಚಿನಲ್ಲಿ. ಎಂದರೆ, ಸುಮಾರು ಹನ್ನೊಂದು ತಿಂಗಳು ಭಾರತ ತಂಡಕ್ಕೆ ಪೂರ್ಣಾವಧಿಯ ಮುಖ್ಯ ತರಬೇತುದಾರನೇ ಇರಲಿಲ್ಲ. ತಲೆಯ ಜಾಗದಲ್ಲಿ ಜನ ಬದಲಾಗುತ್ತಿದ್ದರು. ಇಬ್ಬರು ಸಹಾಯಕರು ಮಾತ್ರ ಉಳಿದುಕೊಂಡರು.

ಆ ಹನ್ನೊಂದು ತಿಂಗಳ ಫಲ ಸಾಮಾನ್ಯವಾದುದಲ್ಲ. 2007ರಲ್ಲಿ ದ್ರಾವಿಡರ ನಾಯಕತ್ವದಲ್ಲಿ ಭಾರತವು ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿಯನ್ನು 1-0 ಅಂತರದಲ್ಲಿ ಗೆದ್ದಿತು. 1986ರ ಅನಂತರ ಅಲ್ಲಿ ದೊರೆತ ಮೊದಲ ಸರಣಿ ಜಯ ಅದು. ನಾಟಿಂಗ್‌ಹ್ಯಾಮಿನ ನಿರ್ಣಾಯಕ ಟೆಸ್ಟಿನಲ್ಲಿ ಜಹೀರ್ ಖಾನ್ ಒಂಬತ್ತು ವಿಕೆಟ್ಟು ಪಡೆದರು. ಸೆಪ್ಟೆಂಬರ್ 24ರಂದು ಜೊಹಾನ್ಸ್‌ಬರ್ಗಿನಲ್ಲಿ ಪಾಕಿಸ್ತಾನವನ್ನು 5 ರನ್ನುಗಳಿಂದ ಸೋಲಿಸಿ ಮೊದಲ ಟ್ವೆಂಟಿ20 ವಿಶ್ವಕಪ್ಪನ್ನು ಗೆದ್ದುದಾಯಿತು; ಆ ಪಂದ್ಯದಲ್ಲಿ ಇರ್ಫಾನ್ ಪಠಾಣ್, ಆರ್. ಪಿ. ಸಿಂಗ್ ತಲಾ ಮೂರು ವಿಕೆಟ್ಟು ಗಳಿಸಿದರು. 2008ರ ಜನವರಿಯಲ್ಲಿ ಕುಂಬ್ಳೆಯವರ ನಾಯಕತ್ವದ ತಂಡವು ವೇಗದ ಬೌಲರುಗಳ ಕೋಟೆಯೆನಿಸಿದ ಪರ್ತ್ ಮೈದಾನದಲ್ಲಿ ಆಸ್ಟ್ರೇಲಿಯವನ್ನು 72 ರನ್ನುಗಳಿಂದ ಸೋಲಿಸಿ, ಸತತ ಹದಿನಾರು ಟೆಸ್ಟುಗಳ ಅದರ ಜೈತ್ರಯಾತ್ರೆಯನ್ನು ನಿಲ್ಲಿಸಿತು. ಅಲ್ಲಿ ಪಠಾಣ್, ಸಿಂಗ್ ಅವರೊಡನೆ ಹತ್ತೊಂಬತ್ತರ ಹರೆಯದ ಇಶಾಂತ್ ಶರ್ಮ ಬೌಲ್ ಮಾಡಿದರು. ಮೂರೂ ಗೆಲುವುಗಳಲ್ಲಿ ವೇಗದ ಬೌಲರುಗಳ ಪಾಲು ಎದ್ದು ಕಾಣುತ್ತದೆ.

ಹಾಗಾದರೆ ಈ ಗೆಲುವುಗಳಿಗೆ ಬೌಲಿಂಗ್ ತರಬೇತುದಾರನೇ ಕಾರಣವೆನ್ನೋಣವೇ? ಅವಸರದಿಂದ ಹಾಗೆನ್ನುವುದು ಇತಿಹಾಸದ ಕ್ರಮವಲ್ಲ. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲಿನದು ಕಾರಣ, ಎರಡನೆಯದು ಕಾರ್ಯ ಎನ್ನುವಂತಿಲ್ಲ. ಜಹೀರರು 2006ರಲ್ಲಿಯೇ ಇಂಗ್ಲೆಂಡಿನ ವೂಸ್ಟರ್‌ಷೈರ್ ಕೌಂಟಿಗೆ ಒಂದು ಋತು ಪೂರ್ತಿ ಆಡಿ ತಮ್ಮ ಬೌಲಿಂಗನ್ನು ತಿದ್ದಿಕೊಂಡಿದ್ದರು. ಇಶಾಂತರ ಎತ್ತರ ಯಾರೂ ಕಲಿಸಿದ್ದಲ್ಲ. ನಾಯಕರ ನಿರ್ಣಯ, ಪಿಚ್ಚಿನ ಗುಣ, ಹವೆ, ಎದುರಾಳಿಗಳ ದೌರ್ಬಲ್ಯ ಇವೆಲ್ಲಕ್ಕೂ ಪಾಲುಂಟು. ಶಿಕ್ಷಕನ ಪಾಲನ್ನು ಇವುಗಳಿಂದ ಬೇರ್ಪಡಿಸಿ ತೋರಿಸಬೇಕಾದರೆ ಮೂರು ಅಂಶಗಳು ಸೇರಬೇಕು: ಆ ಕೆಲಸವು ಅಭ್ಯಾಸದಲ್ಲಿ ನಡೆದಿತ್ತೆಂಬುದಕ್ಕೆ ಸಾಕ್ಷ್ಯ, ಪಂದ್ಯದಲ್ಲಿ ಅದೇ ಕೆಲಸ ಬೇಕಾದ ಸನ್ನಿವೇಶ, ಮತ್ತು ಅಂಥ ಅಭ್ಯಾಸವಿಲ್ಲದ ಎದುರು ಪಕ್ಷದೊಡನೆ ಹೋಲಿಕೆ. ಮೂರೂ ಒಂದೆಡೆ ಕೂಡುವುದು ಅಪೂರ್ವ. ಪ್ರಸಾದರ ಅವಧಿಯಲ್ಲಿ ಅಂಥದೊಂದು ಸಂದರ್ಭ ಕೂಡಿಬಂದಿತು.

2007ರ ಸೆಪ್ಟೆಂಬರ್ 14ರಂದು ಡರ್ಬನ್ನಿನಲ್ಲಿ ಟ್ವೆಂಟಿ20 ವಿಶ್ವಕಪ್ಪಿನ ಭಾರತ-ಪಾಕಿಸ್ತಾನ ಪಂದ್ಯವು 141-141 ರನ್ನುಗಳಿಂದ ಸಮವಾಯಿತು. ಅಂದಿನ ನಿಯಮದಂತೆ ಬೌಲ್-ಔಟ್ ಎಂಬ ಕ್ರಮದಿಂದ ಜಯವನ್ನು ನಿರ್ಣಯಿಸಬೇಕಿತ್ತು. ಪ್ರತಿ ಪಕ್ಷದ ಐವರು ಆಟಗಾರರು ಬ್ಯಾಟ್ಸ್‌ಮನ್ನನಿಲ್ಲದ ಬರಿಯ ಸ್ಟಂಪುಗಳಿಗೆ ಒಂದೊಂದು ಚೆಂಡು ಹಾಕುವುದು, ಹೆಚ್ಚು ಬಾರಿ ಉರುಳಿಸಿದವರು ಗೆಲ್ಲುವುದು. ಭಾರತದ ಪರವಾಗಿ ವೀರೇಂದ್ರ ಸೆಹವಾಗ್, ಹರಭಜನ್ ಸಿಂಗ್, ರಾಬಿನ್ ಉತ್ತಪ್ಪ ಮೂವರೂ ಗುರಿ ಮುಟ್ಟಿದರು. ಪಾಕಿಸ್ತಾನದ ಯಾಸಿರ್ ಅರಾಫತ್, ಉಮರ್ ಗುಲ್, ಶಾಹಿದ್ ಆಫ್ರಿದಿ ಮೂವರೂ ತಪ್ಪಿದರು. ಮಿಕ್ಕವರು ಎಸೆಯುವ ಅವಶ್ಯಕತೆಯೇ ಬೀಳಲಿಲ್ಲ.

ಈ ಸಂಗತಿಯನ್ನು ಆಧಾರದ ದೃಷ್ಟಿಯಿಂದ ಪರೀಕ್ಷಿಸೋಣ. ಪಂದ್ಯಾವಳಿಯ ನಿಯಮದಲ್ಲಿ ಬೌಲ್-ಔಟ್ ಇರುವುದನ್ನು ಗಮನಿಸಿ, ಅಭ್ಯಾಸದ ವೇಳೆಯಲ್ಲಿ ಅದನ್ನು ಆಟಗಾರರಿಂದ ಪಂದ್ಯದ ಹಾಗೆ ಮಾಡಿಸಿದೆವೆಂದೂ, ಯಾರು ಹೆಚ್ಚು ಬಾರಿ ಸ್ಟಂಪಿಗೆ ತಾಗಿಸುತ್ತಾರೆಂದು ನೋಡಿಟ್ಟುಕೊಂಡೆವೆಂದೂ ಪ್ರಸಾದರು ಅನಂತರದ ವರ್ಷಗಳಲ್ಲಿ ಸಾರ್ವಜನಿಕವಾಗಿ ಹೇಳಿದ್ದಾರೆ. ವರ್ಷಗಳು ಕಳೆದ ಮೇಲೆ ಸ್ವತಃ ಸಂಬಂಧಪಟ್ಟವರು ಹೇಳುವ ನೆನಪನ್ನು ಹಾಗೆಯೇ ಒಪ್ಪುವುದು ಸಲ್ಲದು. ಗೆಲುವಿನ ನೆನಪು ಕಾಲ ಕಳೆದಂತೆ ಬೆಳೆಯುವುದುಂಟು. ಆದರೆ ಇಲ್ಲಿ ಸ್ಕೋರು ಪಟ್ಟಿಯೇ ಆ ನೆನಪಿಗೆ ಬೆಂಬಲವಾಗಿ ನಿಂತಿದೆ. ಅಭ್ಯಾಸವಿಲ್ಲದ ನಾಯಕನು ಇಂಥ ಗಳಿಗೆಯಲ್ಲಿ ತನ್ನ ಪ್ರಸಿದ್ಧ ಬೌಲರುಗಳನ್ನೇ ಕರೆಯುವನು. ಪಾಕಿಸ್ತಾನವು ಅರಾಫತ್, ಗುಲ್ ಇವರನ್ನು ಕರೆದದ್ದು ಹಾಗೆ. ಭಾರತದ ನಾಯಕ ಮಹೇಂದ್ರ ಸಿಂಗ್ ಧೋನಿ ಕರೆದ ಮೂವರಲ್ಲಿ ಪೂರ್ಣಾವಧಿಯ ಬೌಲರು ಹರಭಜನ್ ಒಬ್ಬರೇ. ಸೆಹವಾಗ್ ಬ್ಯಾಟ್ಸ್‌ಮನ್, ಕರ್ನಾಟಕದ ಉತ್ತಪ್ಪನವರಂತೂ ಬೌಲರೆಂದು ಎಣಿಕೆಗೇ ಬಾರದವರು. ಮುಂಚೆ ಪರೀಕ್ಷಿಸಿ ನೋಡಿರದಿದ್ದರೆ ಉತ್ತಪ್ಪನವರ ಕೈಗೆ ಚೆಂಡು ಹೋಗುವುದಕ್ಕೆ ಕಾರಣವೇ ಕಾಣುವುದಿಲ್ಲ. ಧೋನಿ ಸ್ಟಂಪುಗಳ ನೇರ ಹಿಂದೆ ಮಂಡಿಯೂರಿ ತಮ್ಮನ್ನೇ ಗುರಿಯಾಗಿ ಒಡ್ಡಿಕೊಂಡದ್ದೂ, ಪಾಕಿಸ್ತಾನದ ವಿಕೆಟ್ ಕೀಪರು ವಾಡಿಕೆಯಂತೆ ಪಕ್ಕಕ್ಕೆ ನಿಂತದ್ದೂ ಇದೇ ಅನುಮಾನಕ್ಕೆ ಪುಷ್ಟಿ ಕೊಡುತ್ತವೆ. ಮೇಲೆ ಹೇಳಿದ ಸಾಕ್ಷ್ಯ, ಸನ್ನಿವೇಶ, ಹೋಲಿಕೆ ಮೂರೂ ಇಲ್ಲಿ ಕೂಡಿವೆ. ಉತ್ತಪ್ಪನವರು ಹಾಕಿದ ಆ ಒಂದು ಚೆಂಡಿನಲ್ಲಿ ಮರೆಯಲ್ಲಿದ್ದ ಶಿಕ್ಷಕರ ಕೆಲಸವನ್ನು ಓದಬಹುದಾಗಿದೆ.

ಬೌಲ್-ಔಟ್ ಎಂಬ ಪದ್ಧತಿಯೇ ಮುಂದೆ ಕೈಬಿಟ್ಟುಹೋಗಿ ಅದರ ಬದಲು ಸೂಪರ್ ಓವರ್ ಬಂದಿತು. ಆದಕಾರಣ ಇಂಥ ಸಾಕ್ಷ್ಯವು ಮತ್ತೆ ದೊರೆಯುವಂತಿಲ್ಲ.

ಕರ್ಸ್ಟನ್ ಬಂದ ಮೇಲೆಯೂ ಪ್ರಸಾದರು, ರಾಬಿನ್ ಸಿಂಗ್ ಇಬ್ಬರೂ ಮುಂದುವರಿದರು. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಟೆಸ್ಟ್ ಸರಣಿ ಭಾರತದ್ದಾಯಿತು. ಅಲ್ಲಿ ಹಿಂದೆ ಸರಣಿ ಗೆದ್ದದ್ದು 1968ರಲ್ಲಿ. ಆದರೆ ಅದೇ ವರ್ಷದ ಟ್ವೆಂಟಿ20 ವಿಶ್ವಕಪ್ಪಿನಲ್ಲಿಯೂ ದಕ್ಷಿಣ ಆಫ್ರಿಕದ ಚಾಂಪಿಯನ್ಸ್ ಟ್ರೋಫಿಯಲ್ಲಿಯೂ ತಂಡವು ಸೆಮಿಫೈನಲ್ ತಲುಪದೆ ಮರಳಿತು. ಅಕ್ಟೋಬರ್ ತಿಂಗಳಲ್ಲಿ ಭಾರತ ಕ್ರಿಕೆಟ್ ಮಂಡಳಿಯು ಪ್ರಸಾದರನ್ನೂ ರಾಬಿನ್ ಸಿಂಗ್ ಅವರನ್ನೂ ಸ್ಥಾನದಿಂದ ಬಿಡುಗಡೆ ಮಾಡಿತು. ಮುಖ್ಯ ತರಬೇತುದಾರರು ಉಳಿದರು. 2011ರ ವಿಶ್ವಕಪ್ ವಿಜಯದ ಕೀರ್ತಿಗೂ ಪಾಲುದಾರರಾದರು. ಆ ಪಂದ್ಯಾವಳಿಯಲ್ಲಿ ಜಹೀರ್ ಖಾನರು 21 ವಿಕೆಟ್ಟು ಗಳಿಸಿ ಅತಿ ಹೆಚ್ಚು ವಿಕೆಟ್ಟು ಪಡೆದವರಲ್ಲಿ ಒಬ್ಬರಾದರು. ಹಿಂದಿನ ಎರಡೂವರೆ ವರ್ಷಗಳ ಕೆಲಸದ ಎಷ್ಟು ಅಂಶ ಆ 21ರಲ್ಲಿ ಸೇರಿತ್ತು, ಅವರ ಅನಂತರ ಬಂದ ಎರಿಕ್ ಸೈಮನ್ಸರದು ಎಷ್ಟು, ಸ್ವತಃ ಜಹೀರರದು ಎಷ್ಟು ಎಂದು ಯಾವ ಪಟ್ಟಿಯೂ ಹೇಳದು.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯಿದೆ. ಗೆಲುವಿನಲ್ಲಿ ಸಹಾಯಕನ ಪಾಲನ್ನು ಬೇರ್ಪಡಿಸಿ ತೋರಿಸಲಾಗದೆಂದು ನಾವು ಒಪ್ಪಿದ ಮೇಲೆ, ಸೋಲಿನಲ್ಲಿ ಅವನ ಪಾಲನ್ನು ಬೇರ್ಪಡಿಸಿ ತೋರಿಸಬಹುದೆಂದು ಒಪ್ಪುವುದು ಹೇಗೆ? ಪರ್ತ್ ಜಯವು ನಾಯಕರದೂ ಆಟಗಾರರದೂ ಆದರೆ, ಚಾಂಪಿಯನ್ಸ್ ಟ್ರೋಫಿಯ ಸೋಲು ಬೌಲಿಂಗ್ ಶಿಕ್ಷಕನದು ಮಾತ್ರವಾಗಲಾರದು. ಆಡಳಿತ ನಡೆಸುವವರಿಗೆ ಬದಲಾವಣೆ ಮಾಡುವ ಅಧಿಕಾರವೂ ಅಗತ್ಯವೂ ಇರಬಹುದು. ಅದನ್ನು ಪ್ರಶ್ನಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆಡಳಿತದ ನಿರ್ಧಾರವನ್ನು ಇತಿಹಾಸಕಾರನು ತನ್ನ ತೀರ್ಪೆಂದು ನಕಲು ಮಾಡಿಕೊಳ್ಳಬಾರದು. ರಾಜನು ದಂಡನಾಯಕನನ್ನು ತೆಗೆದುಹಾಕಿದ ಮಾತ್ರಕ್ಕೆ ದಂಡನಾಯಕನು ಅಸಮರ್ಥನಾಗಿದ್ದನೆಂದು ಶಾಸನದ ವಿದ್ಯಾರ್ಥಿಯು ಬರೆಯುವನೆ?

ಪ್ರಸಾದರ ಮುಂದಿನ ದಾರಿ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ ಕುಂಬ್ಳೆ ಅಧ್ಯಕ್ಷರಾಗಿ, ಶ್ರೀನಾಥ್ ಕಾರ್ಯದರ್ಶಿಯಾಗಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಆಯ್ಕೆಯಾದಾಗ ಇವರು ಉಪಾಧ್ಯಕ್ಷರಾದರು. ಮುಂದೆ ಕಿರಿಯರ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ 2018ರ ಮಾರ್ಚಿನವರೆಗೆ ಕೆಲಸ ಮಾಡಿದರು. ಆ ವರ್ಷದ ಆರಂಭದಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದ ತಂಡವನ್ನು ಆರಿಸಿದ್ದು ಅವರ ಸಮಿತಿ. ಅದರ ತರಬೇತುದಾರರು ದ್ರಾವಿಡರು. ಅದೇ 2018ರಲ್ಲಿ ಪಂಜಾಬಿನ ಐಪಿಎಲ್ ತಂಡಕ್ಕೆ ಬೌಲಿಂಗ್ ತರಬೇತುದಾರರಾಗಿ ಮತ್ತೆ ತಮ್ಮ ಹಳೆಯ ಕೆಲಸಕ್ಕೆ ಮರಳಿದರು. 2025ರ ಡಿಸೆಂಬರಿನಲ್ಲಿ ರಾಜ್ಯ ಸಂಸ್ಥೆಯ ಅಧ್ಯಕ್ಷರಾಗಿ ಚುನಾಯಿತರಾದರು.

ಇಷ್ಟು ವಿವರಿಸಿದ ಮೇಲೆ ನಮ್ಮ ಸೀಮೆಯ ಮಾತೊಂದನ್ನು ಆಡಿ ಲೇಖನವನ್ನು ಮುಗಿಸುತ್ತೇವೆ. ಹಾರೋಹಳ್ಳಿಯ ಸುತ್ತಿನ ಊರುಗಳಲ್ಲಿ, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಶಾಲೆಯ ಬಯಲುಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್, ಕ್ರಿಕೆಟ್ಟುಗಳನ್ನು ಕಲಿಸುವವರು ದೈಹಿಕ ಶಿಕ್ಷಕರು. ಕೆಲವೆಡೆ ಹಳೆಯ ಆಟಗಾರರೇ ಸಂಜೆಯ ಹೊತ್ತು ಬಂದು ಹುಡುಗರನ್ನು ತಿದ್ದುತ್ತಾರೆ. ಗೆದ್ದ ತಂಡದ ಭಾವಚಿತ್ರವು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ತೂಗುತ್ತದೆ. ಚಿತ್ರದ ತುದಿಯಲ್ಲಿ ಸೀಟಿ ಹಿಡಿದು ನಿಂತವರು ಯಾರೆಂದು ಕೇಳಿದರೆ ಹೇಳುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಾರೆ. ಪ್ರಸಾದರಂಥ ಪ್ರಸಿದ್ಧರ ಶಿಕ್ಷಕವೃತ್ತಿಗೇ ಒಂದು ಬೌಲ್-ಔಟಿನಷ್ಟು ಆಧಾರ ಮಾತ್ರ ಸ್ಪಷ್ಟವಾಗಿ ದೊರೆಯುವಾಗ, ಇವರ ಕೆಲಸಕ್ಕೆ ಆಧಾರ ಎಲ್ಲಿ ಉಳಿದೀತು?

ಉಳಿಸುವ ಉಪಾಯ ಕಷ್ಟವಾದುದಲ್ಲ. ಅಭ್ಯಾಸದ ಹಾಜರಿ ಪುಸ್ತಕ, ತಾಲ್ಲೂಕು ಮಟ್ಟದ ಕ್ರೀಡಾಕೂಟದ ಪ್ರವೇಶಪತ್ರಗಳು, ಶಿಕ್ಷಕರು ಬರೆದಿಟ್ಟುಕೊಂಡ ನೋಟ್‌ಪುಸ್ತಕಗಳು ಶಾಲೆಗಳ ಕಪಾಟುಗಳಲ್ಲಿ ಇನ್ನೂ ಸಿಕ್ಕಬಹುದು. ಅವನ್ನು ರದ್ದಿಗೆ ಹಾಕುವ ಮೊದಲು ನಮ್ಮ ವಿದ್ಯಾರ್ಥಿಗಳು ಹೋಗಿ ಪ್ರತಿ ಮಾಡಿಕೊಳ್ಳಬೇಕು. ಹಳೆಯ ಆಟಗಾರರನ್ನು ಕಂಡು, ಯಾವ ವಿದ್ಯೆಯನ್ನು ಯಾರಿಂದ ಕಲಿತಿರೆಂದು ಕೇಳಿ, ಇಸವಿಸಹಿತ ಬರೆದುಕೊಳ್ಳಬೇಕು. ಭಾವಚಿತ್ರಗಳ ಹಿಂಬದಿಯಲ್ಲಿ ಎಲ್ಲರ ಹೆಸರನ್ನೂ, ಸೀಟಿ ಹಿಡಿದವರದನ್ನೂ ಸೇರಿಸಿ, ಪೆನ್ಸಿಲಿನಲ್ಲಿ ಬರೆದಿಟ್ಟರೂ ಸಾಕು. ದಾಸೋಜನು ಬೇಲೂರಿನಲ್ಲಿ ಮಾಡಿದ್ದು ಅದನ್ನೇ.